ಜೆನಿವಾಲ್‌ನ ಎಡಗಾಲು

1991ರಲ್ಲಿ ನಾನು ಶಾಲೆ ಬಿಟ್ಟೆ. ಎಂಟನೆಯ ಇಯತ್ತೆ ಅರ್ಧ ಮುಗಿದಿತ್ತು. ಬೆಳಗಾವಿಯ ಒಂದು ಫೌಂಡ್ರಿಯಲ್ಲಿ ನಮ್ಮಣ್ಣ ಉಸುಕಿನ ಅಚ್ಚು ಕಟ್ಟುವ ಕೆಲಸದಲ್ಲಿದ್ದ. ಕರಗಿದ ಕಬ್ಬಿಣ ಸಿಡಿದು ಅವನ ಬಲಗೈ ಸುಟ್ಟಾಗ, ಆ ಜಾಗ ಬೇರೆಯವರ ಪಾಲಾಗಬಾರದೆಂದು ಮರುದಿನ ನಾನು ಹೋಗಿ ನಿಂತೆ. ಯಾರೂ ದಬ್ಬಲಿಲ್ಲ. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು, ಏಕೆಂದರೆ ಶಾಲೆ ಬಿಟ್ಟವನು ಎಂದ ಕೂಡಲೇ ಜನರ ಮುಖದ ಮೇಲೆ ಒಂದು ಥರದ ಕನಿಕರ ಬರುತ್ತದೆ. ಅದು ನನಗೆ ಬೇಡ. ಬೇಕಾದವರು ಬೇರೆ ಕಡೆ ಖರ್ಚು ಮಾಡಿಕೊಳ್ಳಲಿ.

ಆ ಫೌಂಡ್ರಿಯಲ್ಲಿ ಒಂದು ರಿವಾಜು ಇತ್ತು. ಹೊಸಬನೊಬ್ಬನನ್ನು ಯಾರು ಕರೆದುಕೊಂಡು ಬರುತ್ತಾರೋ ಅವನ ಕೆಲಸಕ್ಕೆ ಅವರೇ ಹೊಣೆ. ಹೊಸಬ ಅಚ್ಚು ಕೆಡಿಸಿದರೆ ಅವನಿಗೆ ಯಾರೂ ಬಯ್ಯುತ್ತಿರಲಿಲ್ಲ. ಕರೆತಂದವನು ತುಟಿ ಪಿಟಕ್ ಎನ್ನದೆ ಆ ಅಚ್ಚನ್ನು ಒಡೆದು ಮತ್ತೆ ಕಟ್ಟುತ್ತಿದ್ದ. ಹೊಸಬ ಪಕ್ಕದಲ್ಲಿ ನಿಂತು ನೋಡಬೇಕು. ನೋಡುತ್ತ ನೋಡುತ್ತ ಅವನಿಗೆ ನಾಚಿಕೆ ಬರಬೇಕು. ಬರುತ್ತಿತ್ತು. ನಾನು ಕೆಡಿಸಿದ್ದನ್ನು ಸುಟ್ಟ ಕೈಯ ಅಣ್ಣ ಬಂದು ಎಡಗೈಯಲ್ಲಿ ಸರಿಮಾಡಿದ್ದು ಒಂದೇ ಸಲ. ಎರಡನೆಯ ಸಲ ನಾನು ಕೆಡಿಸಲಿಲ್ಲ.

ಇದೆಲ್ಲ ಈಗ ಯಾಕೆ ಬಂತೆಂದರೆ, ಕಳೆದ ತಿಂಗಳು ಆಕ್ಲೆಂಡಿನ ಅಂಚಿನ ಪಾಪಕುರಾದ ಒಂದು ಹಾಲ್‌ನಲ್ಲಿ ನಮ್ಮ ಕನ್ನಡದವರು ರಾಜ್ಯೋತ್ಸವಕ್ಕೆ ಸೇರಿದ್ದೆವು. ಊಟದ ಹೊತ್ತಿಗೆ ಪಾಟೀಲರು ಮಕ್ಕಳನ್ನು ಸುತ್ತ ಕೂರಿಸಿಕೊಂಡು ಬುದ್ಧಿ ಹೇಳುತ್ತಿದ್ದರು. ಅವರು ಆಕ್ಲೆಂಡಿನಲ್ಲಿ ಆಡಿಟರ್, ಮಾತು ಬಲ್ಲವರು. ಅವರ ಮಗಳೂ ನನ್ನ ಮಗಳೂ ಒಂದು ಕಾಲಕ್ಕೆ ಒಂದೇ ಫುಟ್‌ಬಾಲ್ ತಂಡದಲ್ಲಿದ್ದರು.

"ಬರೇ ಟ್ಯಾಲೆಂಟ್ ಇದ್ರ ಏನ್ ಬಂತು?" ಎನ್ನುತ್ತಿದ್ದರು. "ನಿಮಗ ಆಟಾ ಕಲಸ್ತಿದ್ನಲ್ಲಾ ಆ ಬ್ರೆಜಿಲ್‌ನಾಂವಾ, ಜೆನಿ, ಎಲ್ಲಿ ಹೋದಾ? ಇಲ್ಲೇ ನಮ್ಮ ಬಸು ಅಂಕಲ್‌ನ ನೋಡ್ರಿ. ಎಷ್ಟ ಹುಷಾರ ಮನಷ್ಯಾ! ಸಾಲಿ ಕಲ್ತಿದ್ರ ಇವತ್ತ ಎಲ್ಲೋ ಇರತಿದ್ರು."

ಬಾಯಿಗೆ ಹೋಗುತ್ತಿದ್ದ ತುತ್ತನ್ನು ತಟ್ಟೆಗೆ ಇಳಿಸಿದೆ. "ಪಾಟೀಲ್ರ, ಅವನ್ನೂ ನನ್ನೂ ಒಂದ ದಾರದಾಗ ಪೋಣಿಸಬ್ಯಾಡ್ರಿ."

"ಅಯ್ಯ, ಹೊಗಳಿದ್ನಿ ಮಾರಾಯ್ರ! ಸಿಟ್ಟ್ಯಾಕ?"

"ಎಲ್ಲೋ ಇರೂದು ಬೇಕಾಗಿಲ್ಲ ನನಗ. ನಾ ಇಲ್ಲೇ ಅದೀನಿ."

ಹೆಂಡತಿ ಶೋಭಾ ನನ್ನ ಮೊಣಕೈ ಹಿಡಿದು ಹೊರಗೆ ಕರೆತಂದಳು. ಮನೆಗೆ ನೇರವಾಗಿ ಹೋಗದೆ ಸಿಟ್ಟಿನಲ್ಲಿ ಯೂಟನ್ನು, ಹಿಂದೆ ತೊಟ್ಟಿಯಿರುವ ನನ್ನ ಗಾಡಿಯನ್ನು, ಪಕ್ಕದ ತಕಾನಿನಿಯ ಕಡೆ ತಿರುಗಿಸಿದೆ. ಅಲ್ಲಿ ಈಗಲೂ ಹೊಸ ಮನೆಗಳು ಏಳುತ್ತಲೇ ಇವೆ. ಯಾರೋ ಅಂದೇ ನೆಲ ಹಾಕಿದ್ದರು. ಕಿಟಕಿಯಿಂದ ಹಸಿ ಕಾಂಕ್ರೀಟಿನ ವಾಸನೆ ಒಳಗೆ ಬಂತು, ನೆನೆದ ಕಲ್ಲಿನ ತಂಪು, ಅದರ ಹಿಂದೆಯೇ ಸುಣ್ಣದ ಘಾಟು. ಆ ವಾಸನೆಗೆ 2016ರ ಚಳಿಗಾಲ ಪೂರ್ತಿ ಎದುರಿಗೆ ಬಂದು ನಿಂತಿತು, ಜೆನಿವಾಲ್ ಸಮೇತ.

ನಾನು ಈ ದೇಶಕ್ಕೆ ಬಂದದ್ದು 2011ರಲ್ಲಿ. ಶೋಭಾ ನರ್ಸಿಂಗ್ ಓದಲು ಬಂದಳು, ಅವಳ ವೀಸಾದ ಬಾಲ ಹಿಡಿದು ನಾನು ಬಂದೆ. ಹೀಗೆಂದು ನಾನು ಹೇಳಬಹುದು, ಬೇರೆಯವರು ಹೇಳಬಾರದು. ಬಂದ ವಾರವೇ ಗ್ರೆಗ್ ಎಂಬುವನ ಬಳಿ ಕಾಂಕ್ರೀಟ್ ಕೆಲಸಕ್ಕೆ ಸೇರಿದೆ. ಮನೆಗಳಿಗೆ ಸ್ಲ್ಯಾಬ್ ಹಾಕುವುದು, ಅಂದರೆ ಇಡೀ ಮನೆ ಕೂರುವ ನೆಲ. ಐದು ವರ್ಷದಲ್ಲಿ ಗ್ರೆಗ್ ನಾನು ಮುಟ್ಟಿದ ನೆಲವನ್ನು ಮತ್ತೆ ಪರೀಕ್ಷೆ ಮಾಡುವುದನ್ನು ಬಿಟ್ಟಿದ್ದ.

ಇಲ್ಲಿ ಚಳಿಗಾಲವೆಂದರೆ ಜೂನ್‌ನಿಂದ ಆಗಸ್ಟ್, ಆ ವರ್ಷ ಅದು ಕೆಟ್ಟದಾಗಿತ್ತು. ತಕಾನಿನಿಯ ಕಪ್ಪು ಮೆತ್ತನೆಯ ಮಣ್ಣು ಬೂಟನ್ನು ಹಿಡಿದರೆ ಬಿಡುತ್ತಿರಲಿಲ್ಲ. ಮಳೆ ಮೇಲಿನಿಂದ ಬೀಳುವ ಬದಲು ಅಡ್ಡಡ್ಡ ಬಂದು ಕಿವಿಗೆ ಹೊಡೆಯುತ್ತಿತ್ತು. ಬೇಸಿಗೆಯಲ್ಲಿ ಕಾಂಕ್ರೀಟ್ ಅವಸರ ಮಾಡುತ್ತದೆ, ಚಳಿಗಾಲದಲ್ಲಿ ಹಠ ಮಾಡುತ್ತದೆ. ಬಿಗಿಯುವುದೇ ಇಲ್ಲ. ಅದು ಬಿಗಿಯುವವರೆಗೆ ಪಕ್ಕದಲ್ಲಿ ಕೂತು ಕಾಯಬೇಕು, ಸರಿಯಾದ ಹದಕ್ಕೆ ಬಂದಾಗ ಮೊಣಕಾಲೂರಿ ಥಾಪಿಯಿಂದ ತಿಕ್ಕಬೇಕು. ಮನೆಗೆ ಹೋಗಿ ಬರುತ್ತೇನೆ ಎಂದರೆ ಅದು ಕಾಯುವುದಿಲ್ಲ. ಹದ ತಪ್ಪಿದ ನೆಲ ಸಾಯುವವರೆಗೂ ಹಾಗೇ ಇರುತ್ತದೆ.

ನಮ್ಮ ಫುಟ್‌ಬಾಲ್ ಕ್ಲಬ್ಬಿನವರು ಜೆನಿವಾಲ್‌ನನ್ನು ಕರೆಸಿದ್ದು ಆ ಏಪ್ರಿಲ್‌ನಲ್ಲಿ. ಕ್ಲಬ್ಬೆಂದರೆ ದೊಡ್ಡದೇನಲ್ಲ. ಪ್ಲಂಬರು, ಮೇಷ್ಟ್ರು, ಲಾರಿ ಡ್ರೈವರು ಶನಿವಾರ ಆಡುವ ತಂಡ. ಬೆಳಗಾವಿಯಲ್ಲಿ ಫೌಂಡ್ರಿ ತಂಡಕ್ಕೆ ನಾನೂ ಬರಿಗಾಲಲ್ಲಿ ಆಡಿದವನು, ಹಾಗಾಗಿ ಶನಿವಾರ ಗೆರೆಯ ಪಕ್ಕದಲ್ಲಿ ನಿಲ್ಲುವುದು ನನ್ನ ಚಟ. ಮೊದಲ ದಿನ ನೋಡಿದ್ದು ಇನ್ನೂ ಕಣ್ಣಿನಲ್ಲಿದೆ. ಗೋಲ್‌ಕೀಪರ್ ಒದ್ದ ಚೆಂಡು ಮಳೆಯೊಳಗಿಂದ ಕಲ್ಲಿನ ಹಾಗೆ ಇಳಿದು ಬಂತು. ಜೆನಿವಾಲ್ ಎಡಗಾಲು ಚಾಚಿದ. ಬೆಕ್ಕು ಮಡಿಲಿಗೆ ಬಂದು ಕೂತ ಹಾಗೆ ಚೆಂಡು ಅವನ ಪಾದದ ಮೇಲೆ ಕೂತುಬಿಟ್ಟಿತು. ಎದುರಾಳಿಗಳಿಬ್ಬರು ಕೆಸರಿನಲ್ಲಿ ಜಾರುತ್ತ ಅವನ ಎರಡೂ ಬದಿಗೆ ಹಾದುಹೋದರು. ನನ್ನ ಕಾಲಿಗೆ ಬಂದ ಚೆಂಡು ನಿಂತದ್ದಕ್ಕಿಂತ ಓಡಿಹೋದದ್ದೇ ಹೆಚ್ಚು. ಅದಕ್ಕೇ ನನಗೆ ಗೊತ್ತು, ಅದು ಕಲಿತು ಬರುವಂಥದ್ದಲ್ಲ.

ಹದಿನಾರರ ವಯಸ್ಸಿನಲ್ಲಿ ಸಾವೊ ಪಾವ್ಲೊದ ಒಂದು ದೊಡ್ಡ ಕ್ಲಬ್ಬಿನ ಕಿರಿಯರ ತಂಡದಲ್ಲಿದ್ದನಂತೆ. ಅವನ ಎಡಗಾಲಿನ ಬಗ್ಗೆ ಪತ್ರಿಕೆಯವರು ಬರೆದರಂತೆ. ಆಮೇಲೆ ಪೋರ್ಚುಗಲ್, ಆಮೇಲೆ ಸೈಪ್ರಸ್, ಆಮೇಲೆ ಥಾಯ್ಲೆಂಡ್. ಒಂದು ಕಡೆ ಕೋಚ್ ಸರಿಯಿಲ್ಲ, ಒಂದು ಕಡೆ ಮೊಣಕಾಲು ನೋವು, ಒಂದು ಕಡೆ ಊಟ ಸೇರಲಿಲ್ಲ. ಇಪ್ಪತ್ತೇಳು ತುಂಬುವ ಹೊತ್ತಿಗೆ ಭೂಪಟದ ತಳಕ್ಕೆ ಬಂದು ಮುಟ್ಟಿದ್ದ. ಇಲ್ಲಿಂದ ಕೆಳಗೆ ಹಿಮವೇ ಇರುವುದು.

ಕ್ಲಬ್ಬಿನವರು ಅವನಿಗೆ ಕೆಲಸ ಕೊಡು ಎಂದು ಗ್ರೆಗ್‌ನನ್ನು ಕೇಳಿದರು. ಗ್ರೆಗ್ ನನ್ನನ್ನು ಕೇಳಿದ. ನಾನು, "ಅವನು ನನ್ನ ಮನುಷ್ಯ, ನನ್ನ ಹೊಣೆ," ಎಂದೆ. ಗ್ರೆಗ್‌ಗೆ ಅದು ಒಂದು ಮಾತು. ನನಗೆ ಅದು ಫೌಂಡ್ರಿಯ ರಿವಾಜು.

ಮೊದಲ ವಾರ ಅವನು ನನ್ನನ್ನು ಬೆರಗುಗೊಳಿಸಿದ. ಕಾಲಿನಲ್ಲಿದ್ದದ್ದು ಕಣ್ಣಿನಲ್ಲೂ ಇತ್ತು. ಹಸಿ ನೆಲವನ್ನು ಕುಕ್ಕರಗಾಲಲ್ಲಿ ಕೂತು ನೋಡಿ, "ಅಲ್ಲಿ ನೀರ ನಿಲ್ಲತೈತಿ," ಎಂದು ಬೆರಳು ತೋರಿಸಿದ. ಮಟ್ಟಗೋಲು ಇಟ್ಟು ನೋಡಿದರೆ ಹೌದು. ಅವನ ಇಂಗ್ಲಿಷ್ ಮುರುಕು, ನನ್ನದೂ ಅಷ್ಟೇ. ಆಡಿದ್ದು ನನ್ನ ತಲೆಯೊಳಗೆ ಉಳಿದಿರುವುದು ನಮ್ಮ ಬೆಳಗಾವಿ ಮಾತಿನಲ್ಲಿ, ಹಾಗೆಯೇ ಬರೆಯುತ್ತೇನೆ. ನನಗೆ ಎರಡು ವರ್ಷ ಹಿಡಿದದ್ದು ಅವನಿಗೆ ಒಂದು ವಾರಕ್ಕೆ ಬಂತು. ಎರಡನೆಯ ವಾರಕ್ಕೆ ಅದರ ಮೇಲೆ ಅವನಿಗೆ ಬೇಸರವೂ ಬಂತು.

ಆಮೇಲೆ ಇಡೀ ಚಳಿಗಾಲ ಒಂದೇ ಕಥೆ. ತಡವಾಗಿ ಬರುವುದು, ಹದ ಬರುವ ಮೊದಲೇ ಎದ್ದು ಹೋಗುವುದು, ತನ್ನ ಪಾಲಿನ ಮೂಲೆಯನ್ನು ತಿಕ್ಕದೆ ಬಿಡುವುದು. ನಾನು ತುಟಿ ಪಿಟಕ್ ಎನ್ನದೆ ಅವನ ಮೂಲೆಗೆ ಹೋಗಿ ಮೊಣಕಾಲೂರುತ್ತಿದ್ದೆ. ಇದ್ದಾಗ ಅವನು ನೋಡುತ್ತಿದ್ದ. ನೋಡಿ ನಗುತ್ತಿದ್ದ. ಹೆಬ್ಬೆರಳು ಎತ್ತಿ ತೋರಿಸುತ್ತಿದ್ದ! ನಾಚಿಕೆ ಇವತ್ತು ಬರುತ್ತದೆ, ನಾಳೆ ಬರುತ್ತದೆ ಎಂದು ನಾನು ಕಾದೆ. "ಮೇಟ್, ಅವನಿಗೊಂದು ಮಾತು ಹೇಳು," ಎಂದ ಗ್ರೆಗ್. ಹೇಳುವುದಲ್ಲ ಅದು, ತಿಳಿಯಬೇಕಾದದ್ದು ಎಂದು ನಾನು ಗ್ರೆಗ್‌ಗೂ ಹೇಳಲಿಲ್ಲ.

ಆದರೆ ಒಂದಕ್ಕೆ ಅವನು ತಡವಾದದ್ದಿಲ್ಲ. ಮಂಗಳವಾರ ಸಂಜೆ ಕ್ಲಬ್ಬಿನ ಪುಟ್ಟ ಹುಡುಗಿಯರಿಗೆ ಆಟ ಕಲಿಸುತ್ತಿದ್ದ, ನನ್ನ ಮಗಳು ಸಿಂಚನಾ ಅವರಲ್ಲೊಬ್ಬಳು. ಅವರಿಗಿಂತ ಮೊದಲು ಬಂದು ಮೈದಾನದಲ್ಲಿ ನಿಂತಿರುತ್ತಿದ್ದ. ಕೆಲಸದಲ್ಲಿ ಕಾಣದ ಆ ನಿಷ್ಠೆಯನ್ನು ಅಲ್ಲಿ ಕಂಡಾಗ ನನ್ನ ಮೈಯೆಲ್ಲ ಉರಿಯುತ್ತಿತ್ತು. ಬರುತ್ತದೆ ಎಂದಾಯಿತಲ್ಲ! ಮಾಡಲು ಬರುತ್ತದೆ, ಮಾಡುವುದಿಲ್ಲ.

ಭಾನುವಾರ ನಮ್ಮ ಮನೆಗೆ ಊಟಕ್ಕೆ ಬರುತ್ತಿದ್ದ. ಅನ್ನಕ್ಕೂ ರೊಟ್ಟಿಗೂ ಪಲ್ಯಕ್ಕೂ ಶೇಂಗಾ ಚಟ್ನಿಪುಡಿಯನ್ನು ಮಳೆಯ ಹಾಗೆ ಉದುರಿಸಿಕೊಳ್ಳುತ್ತಿದ್ದ. ಅವರ ದೇಶದಲ್ಲೂ ಹೀಗೆ ಯಾವುದೋ ಗೆಣಸಿನ ಹಿಟ್ಟು ಹುರಿದು ಊಟದ ಮೇಲೆ ಉದುರಿಸುತ್ತಾರಂತೆ.

"ನನ್ನ ಡಬ್ಬಿ ಖಾಲಿ ಮಾಡಾಕ ಬ್ರೆಜಿಲ್‌ನಿಂದ ಬರಬೇಕಾತು ನೋಡ ಇಂವಾ," ಎಂದು ಶೋಭಾ ನಕ್ಕರೆ, ಅರ್ಥವಾಗದಿದ್ದರೂ "ಅಕ್ಕಾ, ಅಕ್ಕಾ" ಎಂದು ಡಬ್ಬಿಯನ್ನು ಇನ್ನೊಮ್ಮೆ ಎಳೆದುಕೊಳ್ಳುತ್ತಿದ್ದ. ಊಟವಾದ ಮೇಲೆ ಫೋನಿನಲ್ಲಿ ಮಗಳನ್ನು ತೋರಿಸುತ್ತಿದ್ದ. ಹೆಸರು ಲಾರಾ, ಆರು ವರ್ಷ, ಅಜ್ಜಿಯ ಬಳಿ ಇದ್ದಳು. ಮೂರು ವರ್ಷವಾಯಿತು ಅವನು ಅವಳನ್ನು ಎತ್ತಿಕೊಂಡು. ಒಂದು ಒಳ್ಳೆಯ ಕರಾರು ಸಿಕ್ಕರೆ ಸಾಕು, ಮೊದಲು ಮಾಡುವ ಕೆಲಸ ಅವಳನ್ನು ಕರೆಸಿಕೊಳ್ಳುವುದು ಎನ್ನುತ್ತಿದ್ದ.

ಜುಲೈ ಕೊನೆಗೆ ಸುದ್ದಿ ಬಂತು. ಆಸ್ಟ್ರೇಲಿಯಾದ ಒಂದು ದೊಡ್ಡ ಕ್ಲಬ್ಬಿನವರು ಅವನನ್ನು ನೋಡಲು ಮನುಷ್ಯನನ್ನು ಕಳಿಸುತ್ತಾರೆ, ಆಗಸ್ಟಿನ ಒಂದು ಶನಿವಾರ. ಇಷ್ಟವಾದರೆ ಕರಾರು. ಇಪ್ಪತ್ತೇಳರ ಮೇಲೆ ಇನ್ನೊಬ್ಬ ಮನುಷ್ಯ ಬರುವುದಿಲ್ಲ, ಇದು ಎಲ್ಲರಿಗೂ ಗೊತ್ತಿತ್ತು. ಆ ವಾರ ಪೂರ್ತಿ ಅವನನ್ನು ಮಧ್ಯಾಹ್ನವೇ ಮನೆಗೆ ಕಳಿಸಿ ಅವನ ಪಾಲನ್ನೂ ನಾನು ತಿಕ್ಕಿದೆ. ಶುಕ್ರವಾರ ಕಾಂಕ್ರೀಟಿನ ಲಾರಿ ತಡವಾಗಿ ಬಂತು, ಮಳೆ ಬೇರೆ. ಹಸಿ ನೆಲದ ಮೇಲೆ ಪ್ಲಾಸ್ಟಿಕ್ ಹಾಳೆ ಎಳೆದು ಅದರ ಕೆಳಗೆ ತೂರಿಕೊಂಡು ತಿಕ್ಕಿದವನು ನಾನು. ನನ್ನ ಬಲ ಮೊಣಕಾಲು ಅಂದು ಹೋದದ್ದು ಇನ್ನೂ ತಿರುಗಿ ಬಂದಿಲ್ಲ.

ಶನಿವಾರ ಮೈದಾನಕ್ಕೆ ಹೋದರೆ ಎಲ್ಲರೂ ಇದ್ದಾರೆ, ಜೆನಿವಾಲ್ ಇಲ್ಲ. ಆಸ್ಟ್ರೇಲಿಯಾದವನು ಮಡಚುವ ಕುರ್ಚಿ ಹಾಕಿಕೊಂಡು ಕಾಲ ಮೇಲೆ ಕಂಬಳಿ ಹೊದ್ದು ಕೂತಿದ್ದಾನೆ. ಜೆನಿವಾಲ್‌ನ ಫೋನು ಬಂದ್. ಆಟ ಶುರುವಾಯಿತು. ನಾನು ಯೂಟ್ ಹತ್ತಿದೆ. ಅವನು ಬಾಡಿಗೆಗಿದ್ದ ಕೋಣೆಗೆ ಬೀಗ. ಪಾಪಕುರಾ ಪೇಟೆಯನ್ನು ಸುತ್ತು ಹಾಕಿ ಸ್ಟೇಷನ್ನಿನ ಹಿಂದಕ್ಕೆ ಬಂದರೆ, ಅಲ್ಲಿನ ಸಿಮೆಂಟಿನ ಅಂಕಣದಲ್ಲಿ ಕೋಳಿ ಫ್ಯಾಕ್ಟರಿಯ ಬೆಳಗಿನ ಪಾಳಿ ಮುಗಿಸಿದ ಗಂಡಸರು ಬಿಳಿ ಗಂಬೂಟು ಬಿಚ್ಚಿಟ್ಟು ಆಡುತ್ತಿದ್ದರು. ಅವರ ನಡುವೆ ಇವನು, ಬರಿಗಾಲಲ್ಲಿ! ಚೆಂಡನ್ನು ಒಬ್ಬನ ಕಾಲ ಸಂದಿಯಿಂದ ದಾಟಿಸಿ, ಅದೇ ಮನುಷ್ಯನಿಗೆ ತಿರುಗಿ ಕೊಟ್ಟು, ಇನ್ನೊಮ್ಮೆ ದಾಟಿಸುತ್ತಿದ್ದ. ಎಲ್ಲರೂ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದರು. ಅವನ ಆಟ ಅಷ್ಟು ಚೆಂದ ಇದ್ದದ್ದನ್ನು ನಾನು ಮೈದಾನದಲ್ಲಿ ನೋಡಿರಲಿಲ್ಲ.

ನುಗ್ಗಿ ಕೊರಳಪಟ್ಟಿ ಹಿಡಿದೆ. "ಮಂಗ್ಯಾನ ಮಗನ! ಅಲ್ಲಿ ಆ ಮನಷ್ಯಾ ಸಮುದ್ರ ದಾಟಿ ಬಂದು ಕುಂತಾನ!"

"ಬರತೀನಿ ಬಸು. ಇದೊಂದ ಗೋಲ್."

"ಇಡೀ ಚಳಿಗಾಲ ನಿನ್ನ ಪಾಲಿನ ನೆಲಾ ನಾ ತಿಕ್ಕೀನಿ. ನಿನ್ನೆ ಮಳ್ಯಾಗ ಹೊಟ್ಟಿ ಮ್ಯಾಲ ಮಲಗಿ ತಿಕ್ಕೀನಿ! ಇದಕ್ಕೇನು?"

ಅವನು ನಿಜವಾಗಿಯೂ ಅಚ್ಚರಿಯಿಂದ ನನ್ನನ್ನು ನೋಡಿದ. "ನೀ ಒಂದ ದಿನರ ಹೇಳಿಲ್ಲಲ್ಲ. ನಿನಗ ಆ ಕೆಲಸಾ ಭಾಳ ಸೇರತೈತಿ ಅಂತ ತಿಳಕೊಂಡಿದ್ನಿ. ನಮ್ಮ ಕಡೆ ಮನಷ್ಯಾ ಸುಮ್ಮನ ಇದ್ದ ಅಂದ್ರ ಖುಷಿಲೆ ಅದಾನ ಅಂತ."

ಹೊಡೆದೇಬಿಡುತ್ತಿದ್ದೆ. ಫ್ಯಾಕ್ಟರಿಯವನೊಬ್ಬ ನಡುವೆ ಬಂದು, "ಈಸಿ, ಅಂಕಲ್," ಎಂದದ್ದಕ್ಕೆ ಬಿಟ್ಟೆ. ಕತ್ತು ಹಿಡಿದು ಯೂಟಿಗೆ ತುಂಬಿದೆ.

ಎರಡನೆಯ ಅರ್ಧ ಶುರುವಾಗುವಾಗ ಅವನು ಒಳಗೆ ಇಳಿದ. ನಮ್ಮವರು ಎರಡು ಗೋಲಿನಿಂದ ಹಿಂದಿದ್ದರು. ಮಳೆ ನಿಂತಿತ್ತು, ತೆಳ್ಳಗಿನ ಬಿಸಿಲು. ಮಧ್ಯದ ಗೆರೆಯ ಹತ್ತಿರ ಚೆಂಡು ಅವನಿಗೆ ಸಿಕ್ಕಿತು. ಮೊದಲನೆಯವನನ್ನು ಭುಜ ಅಲುಗಿಸಿಯೇ ದಾಟಿದ, ಚೆಂಡು ಮುಟ್ಟಲೇ ಇಲ್ಲ. ಎರಡನೆಯವನು ಬರುವಷ್ಟರಲ್ಲಿ ನಿಂತುಬಿಟ್ಟ. ಪೂರ್ತಿ ನಿಂತ, ಬಸ್ಸಿಗೆ ಕಾಯುವವನ ಹಾಗೆ. ಓಡಿ ಬಂದವನು ಹಿಡಿತ ತಪ್ಪಿ ಬಿದ್ದ. ಆಮೇಲೆ ಇವನು ಎಡಗಾಲಿನಲ್ಲಿ ಒಮ್ಮೆ, ಒಂದೇ ಒಮ್ಮೆ, ದೂರದಿಂದ ಬೀಸಿದ. ಚೆಂಡು ಗೋಲಿನ ಹೊರಗೆ ಹೋಗುತ್ತದೆ ಎಂದು ಕೀಪರ್ ಕೈ ಬಿಟ್ಟ. ಅದು ಹೊರಗಿನಿಂದ ಒಳಗೆ ತಿರುಗಿ ಬಲೆಗೆ ಬಿತ್ತು.

ಆಸ್ಟ್ರೇಲಿಯಾದವನು ಎದ್ದು ನಿಂತ. ಕಾಲ ಮೇಲಿನ ಕಂಬಳಿ ಕೆಸರಿಗೆ ಬಿದ್ದದ್ದೂ ಅವನಿಗೆ ಗೊತ್ತಾಗಲಿಲ್ಲ.

ನಾನು ನೋಡಿದೆ, ಜೆನಿವಾಲ್ ಕೂಡ ಆ ಕಡೆ ನೋಡಿದ. ನೋಡಿ, ತೊಡೆಯ ಹಿಂಭಾಗ ಹಿಡಿದುಕೊಂಡ. ಬೆಂಚಿನ ಕಡೆ ಕೈ ಆಡಿಸಿ, ಬದಲಿಯವನನ್ನು ಕಳಿಸಿ ಎಂದು ಸನ್ನೆ ಮಾಡಿ ಕುಂಟುತ್ತ ಹೊರಗೆ ಬಂದ. ಆ ಮನುಷ್ಯ ಬಂದು ಏನೋ ಕೇಳಿದ, ಇವನು ಕಾಲು ತೋರಿಸಿ ತಲೆ ಅಲ್ಲಾಡಿಸಿದ. ಆಟ ಮುಗಿಯುವ ಮೊದಲೇ ಕುರ್ಚಿ ಮಡಚಿದ ಸದ್ದು ಕೇಳಿತು. ಯೂಟಿನವರೆಗೆ ನನ್ನ ಜೊತೆ ನಡೆದು ಬರುವಾಗ ಜೆನಿವಾಲ್ ಕುಂಟುತ್ತಿರಲಿಲ್ಲ. ಕುಂಟುತ್ತಿದ್ದವನು ನಾನು.

ಅವನು ಆಟದ ಬೂಟು ಬಿಚ್ಚಿ ಯೂಟಿನ ಹಿಂದಿನ ತೊಟ್ಟಿಯಲ್ಲಿ ಒಣಗಲು ಎಸೆದು ಪಕ್ಕಕ್ಕೆ ಬಂದು ಕೂತ. ತಕಾನಿನಿಯ ರೈಲು ಗೇಟಿನಲ್ಲಿ ಯೂಟ್ ನಿಲ್ಲಿಸಿ ಕೇಳಿದೆ.

"ಕಾಲಿಗೆ ಏನಾಗೇತಿ?"

"ಏನೂ ಆಗಿಲ್ಲ."

"ಮತ್ತ?"

"ಅವಾ ಎದ್ದು ನಿಂತಾ. ನೋಡಿದಿ?"

"ನೋಡೀನಿ."

"ಸಾಕಲ್ಲ."

ಗೇಟು ಬಿದ್ದಿತ್ತು, ಗಂಟೆ ಹೊಡೆಯುತ್ತಿತ್ತು. ಅವನು ಕಿಟಕಿಯ ಕಡೆ ಮುಖ ಮಾಡಿ ಹೇಳಿದ, "ಹದಿನಾರು ವರ್ಷದಾಂವ ಇದ್ದಾಗಿಂದ ನನ್ನ ನೋಡಿ ಎದ್ದು ನಿಂದರತಾರ. ಇವತ್ತೂ ನಿಂತ್ರು. ಅಲ್ಲಿ ಹೋದ್ರ ಮತ್ತೊಬ್ಬಾವ ನೋಡತಾನ, ಆಮ್ಯಾಲ ಇನ್ನೊಬ್ಬಾವ. ಒಂದ ದಿನ ಒಬ್ಬಾವ ಕುಂತಾಂವಾ ಕುಂತೇ ಇರತಾನ. ಅದನ್ನ ನಾ ನೋಡಂಗಿಲ್ಲ ಬಸು."

ನನ್ನ ಬಾಯಿಗೆ ಬಂದದ್ದು ಅಷ್ಟೂ ಬಂತು. "ಕುಂತರ ಕುಂಡ್ರಲಿ! ನನ್ನ ಕೆಲಸಾ ನೋಡಿ ಇಷ್ಟ ವರ್ಷದಾಗ ಒಬ್ಬಾವರ ಎದ್ದು ನಿಂತಾನೇನು? ನಾ ಹಾಕಿದ ನೆಲದ ಮ್ಯಾಲ ಕಾರ್ಪೆಟ್ ಹಾಸತಾರ, ಆತು, ಮುಗೀತು. ಮರುದಿನಾ ನಾ ಮತ್ತ ಹೋಗಂಗಿಲ್ಲೇನು? ನಿನ್ನ ಮಗಳಿಗೆ ಏನ ಹೇಳ್ತಿ? ಅಪ್ಪನ್ನ ನೋಡಿ ಒಬ್ಬಾವ ಎದ್ದು ನಿಂತಿದ್ದಾ, ಅದಕ್ಕ ನಿನ್ನ ಕರಸಲಿಲ್ಲ ಅಂತೀಯೇನು?"

"ಲಾರಾನ ಹೆಸರ ತಗೀಬ್ಯಾಡ."

"ಇಳಿ."

"ಬಸು..."

"ನೀ ನನ್ನ ಮನಷ್ಯಾ ಅಲ್ಲ. ಇಳಿ!"

ಅವನು ಚೀಲ ಹೆಗಲಿಗೇರಿಸಿ ಚಪ್ಪಲಿಯಲ್ಲಿ ಇಳಿದ. ರೈಲು ಹೋಯಿತು, ಗೇಟು ಎದ್ದಿತು. ಕನ್ನಡಿಯಲ್ಲಿ ನೋಡಿದಾಗ ಹೆಬ್ಬೆರಳು ಎತ್ತಿ ತೋರಿಸುತ್ತಿದ್ದ. ಅದು ನಗುವೋ ಬೇರೇನೋ ಅಷ್ಟು ದೂರದಿಂದ ಕಾಣಲಿಲ್ಲ. ಆ ಜಾಗದಲ್ಲಿ ಇವತ್ತು ಅವನು ಸಿಕ್ಕರೆ ಇವತ್ತೂ ಇಳಿಸುತ್ತೇನೆ.

ಸೋಮವಾರ ಕೆಲಸಕ್ಕೆ ಬರಲಿಲ್ಲ. ಅದನ್ನು ನಿರೀಕ್ಷಿಸಿದ್ದೆ. ಮಂಗಳವಾರ ಸಂಜೆ ಹುಡುಗಿಯರೆಲ್ಲ ಮೈದಾನದಲ್ಲಿ ಗುಂಪಾಗಿ ನಿಂತಿದ್ದರು, ಕತ್ತಲಾಗುವವರೆಗೆ. ಅದನ್ನು ನಿರೀಕ್ಷಿಸಿರಲಿಲ್ಲ. ಸಿಂಚನಾ ಯೂಟಿನ ಹತ್ತಿರ ಬಂದು, "ವೇರ್ ಈಸ್ ಜೆನಿ, ಅಪ್ಪಾ? ಹಿ ಈಸ್ ನೆವರ್ ಲೇಟ್," ಎಂದಳು. ಹತ್ತು, ಬೆಲ್ಟ್ ಹಾಕಿಕೊ ಎಂದೆ.

ಶೋಭಾ ಮಾತ್ರ ಬಿಡಲಿಲ್ಲ. ಚಟ್ನಿಪುಡಿಯ ಡಬ್ಬಿಯನ್ನು ಮೇಲಿನ ಕಪಾಟಿಗೆ ಇಡುತ್ತ, "ಅಲ್ರೀ, ನೀವರ ಎಂದರ ಬಾಯಿ ಬಿಟ್ಟು ಹೇಳಿದ್ರೇನು ಅವಂಗ?" ಎಂದಳು.

"ಹೇಳಿ ತಿಳಸಬೇಕಾದ ಮಾತೇನ ಅದು? ನಮ್ಮಣ್ಣ ಹೇಳಿದ್ನೇನು ನನಗ?"

"ನಿಮ್ಮಣ್ಣನ ಕೈ ಸುಟ್ಟಿತ್ತು. ಕಣ್ಣಿಗೆ ಕಾಣ್ತಿತ್ತು," ಎಂದು ದೀಪ ಆರಿಸಿ ಒಳಗೆ ಹೋದಳು.

ಸೆಪ್ಟೆಂಬರಿನಲ್ಲಿ ಅವನು ದೇಶ ಬಿಟ್ಟನೆಂದು ಕ್ಲಬ್ಬಿನವರು ಹೇಳಿದರು. ಎಲ್ಲಿಗೆ ಎಂದು ನಾನು ಕೇಳಲಿಲ್ಲ. ಅವರೆಲ್ಲ ಇನ್ನೂ ಅವನ ಮಾತು ತೆಗೆದರೆ ಕಣ್ಣು ಅರಳಿಸುತ್ತಾರೆ. ಆ ಗೋಲು, ಆ ತಿರುವು, ಎಂಥ ದೊಡ್ಡ ಆಟಗಾರ ಆಗಬಹುದಿತ್ತು! ಇದೇ ನನ್ನ ಹೊಟ್ಟೆ ಉರಿಸುವುದು. ಆಗಬಹುದಿತ್ತು ಎನ್ನುವುದಕ್ಕೆ ಜನ ಈಗಲೂ ಎದ್ದು ನಿಲ್ಲುತ್ತಾರೆ. ಅವನಿಗೆ ಬೇಕಾದದ್ದೂ ಅದೇ, ಅದನ್ನು ಪೂರ್ತಿ ಗಳಿಸಿಕೊಂಡೇ ಹೋದ. ಪಾಟೀಲರು ನನ್ನ ಬಗ್ಗೆಯೂ ಅದೇ ಮಾತು ಆಡಿದರು, ಸಾಲಿ ಕಲಿತಿದ್ದರೆ ಎಲ್ಲೋ ಇರುತ್ತಿದ್ದರು ಎಂದು. ನಾನು ಆಗಬಹುದಾಗಿದ್ದವನಲ್ಲ. ಆದವನು. ಎಣಿಸಿ ತೋರಿಸುತ್ತೇನೆ.

ಪಾಪಕುರಾದಲ್ಲಿ ಮೂರು ಕೋಣೆಯ ಮನೆ ಒಂದು, ನೆಲ ನಾನೇ ಹಾಕಿದ್ದು. ಯೂಟ್ ಒಂದು. ನನ್ನ ಕೈಕೆಳಗೆ ಕೆಲಸದವರು ನಾಲ್ವರು, ಅವರಿಗೆ ಹೇಳಬೇಕಾದದ್ದನ್ನು ಈಗ ಬಾಯಿ ಬಿಟ್ಟೇ ಹೇಳುತ್ತೇನೆ. ಹೆಂಡತಿ ಒಬ್ಬಳು. ಮಗಳು ಒಬ್ಬಳು, ಮೇಲಿನಿಂದ ಬಂದ ಚೆಂಡನ್ನು ಎಡಗಾಲಿನಲ್ಲಿ ನಿಲ್ಲಿಸುತ್ತಾಳೆ. ಥಾಪಿ ಆರು, ಅದರಲ್ಲಿ ಒಂದು ಅಣ್ಣನದು. ಮೊಣಕಾಲು ಎರಡು, ಪೂರ್ತಿ ಮಡಚುವುದು ಒಂದು. ಗ್ಯಾರೇಜಿನ ಮೊಳೆಯಲ್ಲಿ ಬೂಟು ಒಂದು ಜೊತೆ, ನಲವತ್ತೊಂದರ ಸೈಜು, ಕೆಸರು ತೊಳೆದಿದೆ, ನನ್ನವಲ್ಲ.